ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ವಿದ್ಯುತ್ ಕಾರು ಕೊಳ್ಳುವ ಮನಸ್ಸಿದ್ದರೂ, ಅದನ್ನು ಛಾರ್ಜು ಮಾಡಲು ಮನೆಯಲ್ಲಿ ಅನುಕೂಲವಿಲ್ಲವೆಂದು ಹಿಂದೆಗೆಯುವವರು ಇಂದು ನಮ್ಮ ನಗರಗಳಲ್ಲಿ ಕಡಿಮೆಯಿಲ್ಲ. ವಾಸ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಕಾರು ನಿಲ್ಲುವುದು ಬೀದಿಯಲ್ಲಿ. ಮೀಟರು ಇರುವುದು ಮಾಲೀಕರ ಹೆಸರಿನಲ್ಲಿ. ಇದು ಈ ಕಾಲದ ತೊಡಕೆಂದು ನಾವು ಭಾವಿಸುತ್ತೇವೆ. ಆದರೆ ಇದಕ್ಕೆ 120 ವರ್ಷಕ್ಕೂ ಮೀರಿದ ಇತಿಹಾಸವಿದೆ.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರು ವಾಹನಗಳು 4,192. ಅವುಗಳಲ್ಲಿ 1,681 ಹಬೆಯಿಂದ ಓಡುವಂಥವು, 1,575 ವಿದ್ಯುತ್ತಿನವು. ಪೆಟ್ರೋಲಿನವು ಬರೀ 936. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಾಗಿದ್ದ ಪೆಟ್ರೋಲ್ ಕಾರು ಹೊಗೆಯುಗುಳುತ್ತಿತ್ತು, ಗದ್ದಲ ಮಾಡುತ್ತಿತ್ತು, ಹ್ಯಾಂಡಲ್ ಹಿಂದಕ್ಕೆ ಒದೆದರೆ ಕೈಯನ್ನೂ ಮುರಿಯುತ್ತಿತ್ತು. ವಿದ್ಯುತ್ ಕಾರಿಗೆ ಈ ರಗಳೆಗಳಿರಲಿಲ್ಲ. ಪೆಟ್ರೋಲ್ ಕಾರನ್ನು ಮನೆಮನೆಗೆ ತಲುಪಿಸಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದುದು ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ವಿದ್ಯುತ್ ಕಾರನ್ನು. ಗಂಡನ ಕಸುಬು ಗಂಡನಿಗೆ!

ಇಷ್ಟು ಅನುಕೂಲದ ಕಾರು ರಾತ್ರಿ ಎಲ್ಲಿ ತಂಗಬೇಕು? ಬ್ಯಾಟರಿಗೆ ಬೇಕಾದದ್ದು ನೇರ ವಿದ್ಯುತ್ತು. ಹಲವು ಊರುಗಳ ತಂತಿಗಳಲ್ಲಿ ಹರಿಯುತ್ತಿದ್ದುದು ಪರ್ಯಾಯ ವಿದ್ಯುತ್ತು. ಪೀಟರ್ ಕೂಪರ್ ಹೆವಿಟ್ 1902ರಲ್ಲಿ ಕಂಡುಹಿಡಿದ, ಪಾದರಸದ ಆವಿಯಿಂದ ಕೆಲಸ ಮಾಡುವ ಪರಿವರ್ತಕ ಇದಕ್ಕೆ ಒದಗಿತು. ಆದರೆ ಸ್ವಂತ ಮನೆ, ಅಂಗಳ, ಮೇಲೊಂದು ಗಾಡಿಮನೆ ಇದ್ದವರಿಗಷ್ಟೇ ಅದರಿಂದ ಪ್ರಯೋಜನ. ಉಳಿದವರು ಹಳೆಯ ಪದ್ಧತಿಗೇ ಮೊರೆಹೋದರು. ಮನೆಯಲ್ಲಿ ಜಾಗವಿಲ್ಲದವರು ಹಿಂದೆ ಕುದುರೆಯನ್ನು ಸಾರ್ವಜನಿಕ ಲಾಯದಲ್ಲಿ ಬಿಡುತ್ತಿದ್ದಂತೆ, ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟರು. ಟೆಲಿಫೋನ್ ಮಾಡಿದರೆ ಅಲ್ಲಿಯ ಆಳು ತೊಳೆದು, ಛಾರ್ಜು ಮಾಡಿ, ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ತಿಂಗಳ ಬಿಲ್ಲು ಕಟ್ಟಬಲ್ಲ ಶ್ರೀಮಂತರಿಗೆ ಇದು ಸೊಗಸು, ಗುಮಾಸ್ತನಿಗೆ ಎಟುಕುವಂಥದ್ದಲ್ಲ.

ಎರಡನೆಯ ದಾರಿಯನ್ನೂ ಆ ಕಾಲದವರೇ ಹುಡುಕಿದ್ದರು. 1897ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ವಿದ್ಯುತ್ ಬಾಡಿಗೆ ಗಾಡಿಗಳು ಛಾರ್ಜಿಗಾಗಿ ಕಾಯುತ್ತಿರಲಿಲ್ಲ. ನಿಲ್ದಾಣಕ್ಕೆ ಬಂದ ಗಾಡಿಯ ಭಾರಿ ಬ್ಯಾಟರಿಯನ್ನು ಯಂತ್ರದಿಂದ ಹೊರಗೆಳೆದು, ತುಂಬಿದ್ದನ್ನು ಒಳಗೆ ತಳ್ಳಲು ಕೆಲವೇ ನಿಮಿಷ ಸಾಕಾಗಿತ್ತು. ಇದರ ನಿಜವಾದ ಯಶಸ್ಸು ಕಂಡದ್ದು ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿಯಲ್ಲಿ. 1910ರ ದಶಕದಿಂದ 1924ರವರೆಗೆ ಅದು ಲಾರಿ ಮಾಲೀಕರಿಗೆ ಹೊಸಬಗೆಯ ಕರಾರೊಂದನ್ನು ಒಡ್ಡಿತ್ತು. ಲಾರಿ ನಿಮ್ಮದು, ಬ್ಯಾಟರಿ ನಮ್ಮದು. ತಿಂಗಳಿಗಿಷ್ಟು, ಓಡಿದ ಮೈಲಿಗಿಷ್ಟು ಕೊಟ್ಟರೆ ಸಾಕು. ಈ ಯೋಜನೆಯಡಿ ವಾಹನಗಳು ಒಟ್ಟು 60 ಲಕ್ಷ ಮೈಲಿಗೂ ಹೆಚ್ಚು ಓಡಿದವು. ಮನೆಯಲ್ಲಿ ಛಾರ್ಜು ಮಾಡಲಾಗದವನ ಕಷ್ಟಕ್ಕೆ ಇದಕ್ಕಿಂತ ಜಾಣ ಉತ್ತರ ಇಂದಿಗೂ ಹೆಚ್ಚಾಗಿ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೂ ಪೆಟ್ರೋಲು ಗೆದ್ದಿತು. ಟೆಕ್ಸಾಸಿನ ಎಣ್ಣೆಬಾವಿಗಳು, ಫೋರ್ಡನ ಅಗ್ಗದ ಕಾರು, 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದ ಸೆಲ್ಫ್ ಸ್ಟಾರ್ಟರ್ — ಈ ಕಾರಣಗಳೆಲ್ಲ ಎಲ್ಲರಿಗೂ ತಿಳಿದವೇ. ಇನ್ನೊಂದು ಕಾರಣ ತೀರ ಸರಳ: ಪೆಟ್ರೋಲನ್ನು ಡಬ್ಬಿಯಲ್ಲಿ ಹೊತ್ತೊಯ್ಯಬಹುದಿತ್ತು. 1888ರಲ್ಲಿ ಬೆರ್ತಾ ಬೆಂಜ್ ಗಂಡನ ಕಾರಿನಲ್ಲಿ ದೂರ ಪ್ರಯಾಣ ಹೊರಟಾಗ ಎಲ್ಲಿಯೂ ಪೆಟ್ರೋಲ್ ಬಂಕುಗಳಿರಲಿಲ್ಲ. ಆಕೆ ವೀಸ್ಲೊಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಎಣ್ಣೆ ಕಾರಿನ ಬಳಿಗೆ ಬರುತ್ತಿತ್ತು. ವಿದ್ಯುತ್ತಿನ ಬಳಿಗೆ ಕಾರೇ ಹೋಗಬೇಕಿತ್ತು, ಹೋಗಿ ಗಂಟೆಗಟ್ಟಲೆ ನಿಲ್ಲಬೇಕಿತ್ತು.

ಈ ಕಥೆಗೆ ನಮ್ಮ ಬೆಂಗಳೂರಿನ ಅಧ್ಯಾಯವೂ ಇದೆ. 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಕಾರು 15 ಆಂಪಿಯರಿನ ಮಾಮೂಲಿ ಸಾಕೆಟ್ಟಿನಿಂದಲೇ ಛಾರ್ಜಾಗುತ್ತಿತ್ತು. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್. ಗೇಟಿನೊಳಗೆ ಕಾರು ನಿಲ್ಲಿಸುವವರಿಗೆ ತಕ್ಕ ಏರ್ಪಾಟು. ಇದೇ ಕಾರು 2004ರಿಂದ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿ ಅಂಗಳವಿಲ್ಲದ ಮನೆಗಳೇ ಬಹಳ. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಪೌರಾಡಳಿತ ಕಾರ್ ಪಾರ್ಕುಗಳಲ್ಲೂ 2006ರಲ್ಲಿ ಬೀದಿಬದಿಯಲ್ಲೂ ಛಾರ್ಜಿಂಗ್ ಕಂಬಗಳಿಗೆ ಅವಕಾಶ ಮಾಡಿಕೊಟ್ಟಿತು. ಕರ್ನಾಟಕ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ್ದು 2017ರಲ್ಲಿ; ದೇಶದಲ್ಲಿ ಅಂಥ ನೀತಿ ತಂದ ಮೊದಲ ರಾಜ್ಯ ನಮ್ಮದೇ.

ಹಾಗಾದರೆ ಕೊಳ್ಳಬೇಕೇ, ಬೇಡವೇ? ಸ್ವಲ್ಪ ಲೆಕ್ಕ ಹಾಕೋಣ. 15 ಆಂಪಿಯರಿನ ಸಾಕೆಟ್ಟು ಗಂಟೆಗೆ ಸುಮಾರು 3 ಯೂನಿಟ್ ಕೊಡುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡುವ ಚಿಕ್ಕ ಕಾರಿಗೆ ಬೇಕಾದದ್ದು ಹೆಚ್ಚೆಂದರೆ 6 ಯೂನಿಟ್. ಅಂದರೆ ಎರಡು ಮೂರು ಗಂಟೆ ಸಾಕು. ಆದ್ದರಿಂದ ಆ ಸಾಕೆಟ್ಟು ಮನೆಯಲ್ಲಿಯೇ ಇರಬೇಕೆಂದಿಲ್ಲ. ಕಾರು ಹಗಲೆಲ್ಲ ನಿಲ್ಲುವ ಕಚೇರಿಯಲ್ಲಿದ್ದರೂ ನಡೆಯುತ್ತದೆ. ಎರಡೂ ಕಡೆ ಇಲ್ಲದವರಿಗೆ ಉಳಿಯುವುದು ಸಾರ್ವಜನಿಕ ವೇಗದ ಛಾರ್ಜರುಗಳು. ಅಲ್ಲಿ ಯೂನಿಟ್ಟಿನ ದರ ಸಾಮಾನ್ಯವಾಗಿ ಮನೆಯ ದರದ ದುಪ್ಪಟ್ಟನ್ನೂ ಮೀರುತ್ತದೆ, ಸರದಿಯಲ್ಲಿ ಕಾಯುವ ವೇಳೆ ಬೇರೆ. ವಾರಕ್ಕೊಮ್ಮೆ ಹೋದರೆ ಸಾಕೆನ್ನುವವರು ಧೈರ್ಯ ಮಾಡಬಹುದು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರು, ಹತ್ತು ಹನ್ನೆರಡು ಲಕ್ಷ ಸಾಲ ಮಾಡುವ ಮುಂಚೆ ಇನ್ನಷ್ಟು ಕಾಯುವುದು ಲೇಸು. ಮೂರನೆಯ ಮಹಡಿಯಿಂದ ತಂತಿ ಇಳಿಬಿಟ್ಟು ಫುಟ್‌ಪಾತಿನ ಮೇಲೆ ಎಳೆಯುವ ಸಾಹಸವಂತೂ ಖಂಡಿತ ಬೇಡ.

ವಸತಿ ಸಮುಚ್ಚಯದಲ್ಲಿರುವವರು ಕಾರಿನ ಮಳಿಗೆಗೆ ಕಾಲಿಡುವ ಮುಂಚೆ ತಮ್ಮ ಸಂಘದ ಸಭೆಗೆ ಹೋಗಿಬರುವುದು ಒಳ್ಳೆಯದು. ಮನೆಗೆ ಈಗಿರುವ ವಿದ್ಯುತ್ ಸಂಪರ್ಕದಿಂದಲೇ ವಾಹನ ಛಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಮೀಟರಿನಿಂದ ನೆಲಮಾಳಿಗೆಯ ಪಾರ್ಕಿಂಗ್ ಜಾಗದವರೆಗೆ ತಂತಿ ಯಾವ ಗೋಡೆಯ ಮೇಲೆ ಹಾಯಬೇಕು, ಅದರ ಖರ್ಚು ಯಾರದು ಎಂಬುದು ಆ ಸಭೆಯಲ್ಲೇ ತೀರ್ಮಾನವಾಗಬೇಕು.