ಕಾಲಿಗಾರಿ ಚಿತ್ರದ ವಿವಾದ

ಚಲಚ್ಚಿತ್ರಗಳಲ್ಲಿ ಬಹುಭಾಗವು ನೋಡಿದವರ ಮನಸ್ಸಿನಲ್ಲಿ ಒಂದು ರಾತ್ರಿಯಾದರೂ ನಿಲ್ಲುವುದಿಲ್ಲ. ಕೆಲವು ಮಾತ್ರ ಪ್ರೇಕ್ಷಕರನ್ನು ಎರಡು ಪಕ್ಷಗಳಾಗಿ ಒಡೆದು, ಮಂದಿರದ ದೀಪಗಳು ಹೊತ್ತಿಕೊಂಡ ಮೇಲೂ ಅವರನ್ನು ವಾದದಲ್ಲಿ ತೊಡಗಿಸುವುವು. ನೋಡಿದುದು ನಿಜವೋ ಭ್ರಾಂತಿಯೋ ಎಂಬ ಸಂಶಯವನ್ನು ಬಿತ್ತಿ ಕಳುಹಿಸುವ ಇಂತಹ ಕರಾಳ ಚಿತ್ರಗಳಿಗೆಲ್ಲ ಹಿರಿಯಣ್ಣನೆಂದು ಹೆಸರಾದುದು ‘ಡಾಕ್ಟರ್ ಕಾಲಿಗಾರಿಯ ಕಾಬಿನೆಟ್’ ಎಂಬ ಜರ್ಮನ್ ಮೂಕಚಿತ್ರ. ಕಾಬಿನೆಟ್ ಎಂದರೆ ಇಲ್ಲಿ ಜಾತ್ರೆಯಲ್ಲಿ ವಿಚಿತ್ರಗಳನ್ನು ತೋರಿಸುವ ಗುಡಾರವೆಂದು ತಿಳಿಯತಕ್ಕದ್ದು. 1920ನೆಯ ಇಸವಿ ಫೆಬ್ರವರಿ 26ನೆಯ ತಾರೀಖು ಬರ್ಲಿನ್ ನಗರದ ಮಾರ್ಮರ್‌ಹೌಸ್ ಎಂಬ ಮಂದಿರದಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಅದಕ್ಕೆ ಮುಂಚೆಯೇ ಆ ನಗರದ ಗೋಡೆಗಳ ಮೇಲೆ “ನೀನು ಕಾಲಿಗಾರಿಯಾಗಬೇಕು” ಎಂಬ ಬರಹವುಳ್ಳ ಭಿತ್ತಿಪತ್ರಗಳು ಕಾಣಿಸಿಕೊಂಡಿದ್ದವು. ಕಾಲಿಗಾರಿ ಎಂದರೆ ಯಾರು, ಏತಕ್ಕಾಗಿ ಹಾಗಾಗಬೇಕು ಎಂಬುದನ್ನು ಅವು ಹೇಳಲಿಲ್ಲ.

ಕಥೆಯನ್ನು ಸಂಕ್ಷೇಪವಾಗಿ ತಿಳಿಸದೆ ವಿವಾದವನ್ನು ವಿವರಿಸುವುದು ಸಾಧ್ಯವಿಲ್ಲ. ಒಂದು ತೋಟದ ಗೋಡೆಯ ಬಳಿ ಫ್ರಾನ್ಸಿಸ್ ಎಂಬ ಯುವಕನು ಒಬ್ಬ ವೃದ್ಧನೊಡನೆ ಕುಳಿತಿರುವನು. ಬಿಳಿಯ ಉಡುಪಿನ ಜೇನ್ ಎಂಬ ತರುಣಿ ಅವರತ್ತ ನೋಡದೆ, ನಿದ್ದೆಯಲ್ಲಿದ್ದವಳಂತೆ ನಡೆದುಹೋಗುವಳು. ಅವಳು ತನಗೆ ನಿಶ್ಚಿತಳಾದ ವಧುವೆಂದು ಹೇಳಿ, ಫ್ರಾನ್ಸಿಸನು ತಾವಿಬ್ಬರೂ ಅನುಭವಿಸಿದ ಘೋರವನ್ನು ವರ್ಣಿಸಲು ತೊಡಗುವನು. ಹೋಲ್ಸ್ಟೆನ್‌ವಾಲ್ ಎಂಬ ಊರಿನ ಜಾತ್ರೆಗೆ ಕಾಲಿಗಾರಿಯೆಂಬ ಮುದುಕನು ಬರುವನು. ಗುಡಾರ ಹಾಕಲು ಅಪ್ಪಣೆ ಬೇಡಿದಾಗ ಅವನನ್ನು ತಾತ್ಸಾರ ಮಾಡಿದ ಊರಿನ ಗುಮಾಸ್ತನು ಆ ರಾತ್ರಿಯೇ ಕೊಲೆಯಾಗುವನು. ಕಾಲಿಗಾರಿಯ ಪೆಟ್ಟಿಗೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ನಿದ್ರಿಸುತ್ತಿರುವನೆನ್ನಲಾದ ಚೆಸಾರೆಯೆಂಬವನು, ಒಡೆಯನ ಅಪ್ಪಣೆಯಾದಾಗ ಕಣ್ತೆರೆದು ಭವಿಷ್ಯ ನುಡಿಯುವನು. ಫ್ರಾನ್ಸಿಸನ ಮಿತ್ರನಾದ ಆಲನ್ ತಾನು ಎಷ್ಟು ಕಾಲ ಬದುಕುವೆನೆಂದು ಕೇಳಲು, ಬೆಳಗಾಗುವವರೆಗೆ ಎಂಬ ಉತ್ತರ ಬರುವುದು, ಅಂತೆಯೇ ಆಗುವುದು. ಕೊನೆಗೆ ಫ್ರಾನ್ಸಿಸನು ಕಾಲಿಗಾರಿಯನ್ನು ಬೆನ್ನಟ್ಟಿ ಒಂದು ಹುಚ್ಚಾಸ್ಪತ್ರೆಯನ್ನು ಸೇರಿ, ಆ ಆಸ್ಪತ್ರೆಯ ಮೇಲಧಿಕಾರಿಯೇ ಕಾಲಿಗಾರಿಯೆಂಬುದನ್ನು ಕಾಣುವನು. ಹದಿನೆಂಟನೆಯ ಶತಮಾನದ ಒಬ್ಬ ಮಾಂತ್ರಿಕನ ಚರಿತ್ರೆಯನ್ನೋದಿ, ತಾನೂ ಅವನಂತಾಗಬೇಕೆಂಬ ಹುಚ್ಚು ಆ ವೈದ್ಯನಿಗೆ ಹಿಡಿದಿರುವುದು. ಅವನನ್ನು ಕಟ್ಟಿ ಕೋಣೆಯಲ್ಲಿ ಹಾಕುವರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಒಂದು ಒಳ್ಳೆಯ ಭಯಾನಕ ಕಥೆಯಾಗಿ ಉಳಿಯುತ್ತಿತ್ತು. ಆದರೆ ಚಿತ್ರವು ಪುನಃ ತೋಟಕ್ಕೆ ಬರುವುದು. ಫ್ರಾನ್ಸಿಸನೂ ವೃದ್ಧನೂ ಎದ್ದು ಒಳಗೆ ಹೋದರೆ, ಅದು ಹುಚ್ಚಾಸ್ಪತ್ರೆಯ ಅಂಗಳ! ಸತ್ತನೆಂದು ಹೇಳಿದ ಚೆಸಾರೆ ಅಲ್ಲಿ ಹೂವನ್ನು ಹಿಡಿದು ನಿಂತಿರುವನು. ಜೇನ್ ತಾನೊಬ್ಬ ರಾಣಿಯೆಂದು ಭಾವಿಸಿ ಪೀಠದ ಮೇಲೆ ಕುಳಿತಿರುವಳು. ಸೌಮ್ಯನಾದ ಮೇಲಧಿಕಾರಿ ಮೆಟ್ಟಲಿಳಿದು ಬರುವನು. ಅವನ ಮೇಲೆ ಬಿದ್ದ ಫ್ರಾನ್ಸಿಸನನ್ನು ಕಟ್ಟಿಹಾಕುವರು. ಈತನು ತನ್ನನ್ನು ಆ ಹಳೆಯ ಕಾಲಿಗಾರಿಯೆಂದು ಭ್ರಮಿಸಿರುವನೆಂದೂ, ಇದು ತಿಳಿದ ಮೇಲೆ ವಾಸಿಮಾಡುವ ದಾರಿಯೂ ತಿಳಿಯಿತೆಂದೂ ಮೇಲಧಿಕಾರಿ ಹೇಳುವಲ್ಲಿಗೆ ಚಿತ್ರ ಮುಗಿಯುವುದು.

ಕಥೆಯೊಳಗೆ ಕಥೆಯನ್ನಡಗಿಸುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ದುರ್ಗಸಿಂಹನ ‘ಪಂಚತಂತ್ರ’ವನ್ನೂ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನೂ ಬಲ್ಲವರು ಹೇಳುವವನ ಬಾಯಿಂದ ಹೇಳುವವನ ಬಾಯಿಗೆ ಸುಲಭವಾಗಿ ದಾಟುವರು. ಆದರೆ ಅಲ್ಲಿ ಒಳಗಣ ಕಥೆಯನ್ನು ಹೊರಗಣ ಕಥೆಯು ಕಾಯುವುದೇ ಹೊರತು ಕೊಲ್ಲುವುದಿಲ್ಲ. ಶುಕನು ಹೇಳಿದುದನ್ನು ಹುಚ್ಚುಮಾತೆಂದು ತಳ್ಳಿಹಾಕಿ ಕಾದಂಬರಿ ಕೊನೆಗೊಂಡಿದ್ದರೆ ಓದುಗನಿಗೆ ಏನಾಗುತ್ತಿತ್ತೋ, ಅದೇ ಈ ಚಿತ್ರದ ಪ್ರೇಕ್ಷಕನಿಗೆ ಆಯಿತು.

ಈ ಕಥೆಯನ್ನು ಬರೆದವರು ಇಬ್ಬರು. ಹಾನ್ಸ್ ಯಾನೊವಿತ್ಸ್ ಬೊಹೀಮಿಯದವನು; ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದು ಯುದ್ಧದ್ವೇಷಿಯಾಗಿ ಹಿಂದಿರುಗಿದವನು. ಕಾರ್ಲ್ ಮೈಯರ್ ಆಸ್ಟ್ರಿಯದ ಗ್ರಾಜ್ ಪಟ್ಟಣದವನು; ಯುದ್ಧಕಾಲದಲ್ಲಿ ಒಬ್ಬ ಸೈನ್ಯದ ಮನೋವೈದ್ಯನ ಕೈಗೆ ಸಿಕ್ಕಿ ನೊಂದವನೆಂದು ಯಾನೊವಿತ್ಸನೇ ಹೇಳಿರುವನು. ಡೆಕ್ಲಾ ಎಂಬ ಚಿತ್ರಸಂಸ್ಥೆಯು ಇದನ್ನು ಕೊಂಡಿತು. ರಾಬರ್ಟ್ ವೀನೆ ದಿಗ್ದರ್ಶಕನಾದನು. ಹೆರ್ಮಾನ್ ವಾರ್ಮ್, ವಾಲ್ಟರ್ ರೈಮಾನ್, ವಾಲ್ಟರ್ ರೋರಿಗ್ ಎಂಬ ಮೂವರು ಚಿತ್ರಕಾರರು ರಂಗಸಜ್ಜೆಯನ್ನು ಮಾಡಿದರು. ಬಟ್ಟೆಯ ಮೇಲೆ ಬರೆದ ಸೊಟ್ಟ ಮನೆಗಳು, ಓರೆಯಾದ ಕಿಟಕಿಗಳು, ಚೂರಿಯಂತೆ ಚೂಪಾದ ಬೀದಿಗಳು. ನೆರಳನ್ನು ಕೂಡ ದೀಪದಿಂದ ಬೀಳಿಸದೆ ಬಣ್ಣದಿಂದ ಬರೆದರು. ವೆರ್ನರ್ ಕ್ರೌಸ್ ಕಾಲಿಗಾರಿಯಾಗಿಯೂ ಕಾನ್ರಾಡ್ ಫೈಟ್ ಚೆಸಾರೆಯಾಗಿಯೂ ಅಭಿನಯಿಸಿದರು. ಆ ಸೊಟ್ಟ ಜಗತ್ತಿನಲ್ಲಿ ಅದಕ್ಕೊಪ್ಪುವ ಮೈಮಾಟವನ್ನು ತಂದವರು ಇವರಿಬ್ಬರೇ. ಮಿಕ್ಕವರು ಸಾಮಾನ್ಯ ನಾಟಕದವರಂತೆ ಓಡಾಡುವರು.

ವಾದವು ಚಿತ್ರ ಬಂದ ವಾರದಲ್ಲಿಯೇ ಮೊದಲಾಯಿತು. ಕುರ್ಟ್ ಟುಖೋಲ್ಸ್ಕಿಯಂತಹ ನಿಷ್ಠುರ ಲೇಖಕನು ಅದನ್ನು ಕೊಂಡಾಡಿದನು. ಹೆರ್ಬರ್ಟ್ ಈಯರಿಂಗ್ ಎಂಬ ವಿಮರ್ಶಕನಾದರೋ, ಎಕ್ಸ್‌ಪ್ರೆಷನಿಸಂ ಎಂಬ ಹೊಸ ಕಲಾಪಂಥವನ್ನು ತೆರೆಯ ಮೇಲೆ ತರಬೇಕಾದರೆ ಹುಚ್ಚಿನ ನೆಪ ಬೇಕಾಯಿತೇ ಎಂದು ಆಕ್ಷೇಪಿಸಿದನು. ಸಮಾಜವಾದಿಗಳ ‘ಫೋರ್ವೆರ್ಟ್ಸ್’ ಪತ್ರಿಕೆಯ ಅಭಿಪ್ರಾಯ ಇನ್ನೂ ಕೌತುಕಕರವಾದುದು: ಚಿತ್ತರೋಗಿಗಳಲ್ಲಿ ಮರುಕವನ್ನೂ ಅವರಿಗಾಗಿ ದುಡಿಯುವ ವೈದ್ಯರಲ್ಲಿ ಗೌರವವನ್ನೂ ಹುಟ್ಟಿಸುವುದರಿಂದ ಈ ಚಿತ್ರ ನೀತಿದೃಷ್ಟಿಯಿಂದ ನಿರ್ದುಷ್ಟವೆಂದು ಅದು ಮೆಚ್ಚಿತು. ಕೊಲೆಗಡುಕ ವೈದ್ಯನ ಕಥೆಯಿಂದ ವೈದ್ಯರ ಪ್ರಶಂಸೆ ಹೊರಟಿತೆಂದರೆ, ಹೊರಗಣ ಕಥೆಯ ಕೈಯೆಷ್ಟು ಬಲವಾದುದೆಂದು ಊಹಿಸಬಹುದು.

ಅಮೆರಿಕದಲ್ಲಿ ಈ ಒಂದು ಹೊರಗಣ ಕಥೆಯೂ ಸಾಲದಾಯಿತು. 1921ನೆಯ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕ್ಯಾಪಿಟಲ್ ಮಂದಿರದಲ್ಲಿ ಚಿತ್ರ ತೋರಿಸಿದಾಗ, ಮಂದಿರದ ವ್ಯವಸ್ಥಾಪಕ ಸ್ಯಾಮ್ಯುಯೆಲ್ ರೊಥಾಫೆಲನು ಮೊದಲಿಗೂ ಕೊನೆಗೂ ನಟರಿಂದ ಒಂದೊಂದು ಸಣ್ಣ ದೃಶ್ಯವನ್ನು ರಂಗದ ಮೇಲೆ ಆಡಿಸಿದನು. ಫ್ರಾನ್ಸಿಸನಿಗೆ ಸಂಪೂರ್ಣವಾಗಿ ವಾಸಿಯಾಯಿತೆಂದೂ, ಮದುವೆಯಾಗಿ ಮಕ್ಕಳೊಡನೆ ಸುಖವಾಗಿರುವನೆಂದೂ ಅದರಲ್ಲಿ ಹೇಳಿಸಿ ಪ್ರೇಕ್ಷಕರನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದನು. ಲಾಸ್ ಏಂಜಲೀಸಿನಲ್ಲಿ ಮೇ ತಿಂಗಳಲ್ಲಿ ನಡೆದುದು ಬೇರೆ. ಯುದ್ಧದಿಂದ ಮರಳಿದ ಸಿಪಾಯಿಗಳ ಸಂಘದವರು ಜರ್ಮನ್ ಚಿತ್ರ ಬೇಡವೆಂದು ಬೀದಿಯಲ್ಲಿ ನೆರೆದು ಗಲಭೆ ಮಾಡಲು, ಅಲ್ಲಿನ ಮಂದಿರವು ಪ್ರದರ್ಶನವನ್ನು ನಿಲ್ಲಿಸಿತು.

ಪ್ಯಾರಿಸಿನಲ್ಲಿಯೂ ಜರ್ಮನ್ ಚಿತ್ರಗಳೆಂದರೆ ಆಗ ಆಗದು. ಆದರೂ ಲೂಯಿ ದೆಲ್ಲುಕ್ ಎಂಬ ಲೇಖಕನು 1921ನೆಯ ನವೆಂಬರಿನಲ್ಲಿ ಒಂದು ವಿಶೇಷ ಪ್ರದರ್ಶನವನ್ನು ಏರ್ಪಡಿಸಿದನು. ಅಲ್ಲಿಂದ ಮುಂದೆ ಚಿತ್ರರಸಿಕರ ಚಿಕ್ಕ ಕೂಟಗಳು ಈ ಚಿತ್ರವನ್ನು ತಮ್ಮದಾಗಿ ಮಾಡಿಕೊಂಡುವು; ‘ಕಾಲಿಗಾರಿಸಂ’ ಎಂಬ ಪದವೇ ಫ್ರೆಂಚಿನಲ್ಲಿ ಹುಟ್ಟಿತು. ಎಲ್ಲ ರಸಿಕರೂ ಮೆಚ್ಚಿದರೆಂದಲ್ಲ. ಕವಿ ಬ್ಲೇಸ್ ಸಾಂದ್ರಾರನು ಇದು ಕ್ಯಾಮರಾದ ಕೆಲಸವಲ್ಲ, ಬಟ್ಟೆಯ ಮೇಲಣ ಚಿತ್ರಕಾರನ ಕೆಲಸ. ಇದರಿಂದ ನವ್ಯಕಲೆಗೇ ಅಪಕೀರ್ತಿ ಬರುವುದೆಂದು ಖಂಡಿಸಿದನು. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಬರೆದ ಪರದೆಯ ಮುಂದೆ ನಟರನ್ನು ನಿಲ್ಲಿಸಿ ತೆಗೆದ ಅನೇಕ ದೃಶ್ಯಗಳಲ್ಲಿ ಕ್ಯಾಮರಾ ಕಂಬದಂತೆ ನಿಂತಿರುವುದು.

ಲಂಡನ್ನಿನಲ್ಲಿ 1925ನೆಯ ಇಸವಿಯಲ್ಲಿ ಸ್ಥಾಪಿತವಾದ ಫಿಲ್ಮ್ ಸೊಸೈಟಿಯು ಮರುವರ್ಷ ಇದನ್ನು ಸದಸ್ಯರಿಗೆ ತೋರಿಸಿತು. ಅದೇ ವರ್ಷ ಚಲಚ್ಚಿತ್ರವನ್ನು ಕುರಿತು ಒಂದು ಪ್ರಬಂಧ ಬರೆದ ವರ್ಜೀನಿಯಾ ವುಲ್ಫ್, ಪ್ರದರ್ಶನದ ಸಮಯದಲ್ಲಿ ತೆರೆಯ ಮೂಲೆಯಲ್ಲಿ ಗೊದಮೊಟ್ಟೆಯಾಕಾರದ ಒಂದು ನೆರಳು ಕಾಣಿಸಿ, ಉಬ್ಬಿ, ನಡುಗಿ, ಮಾಯವಾದುದನ್ನು ವರ್ಣಿಸಿರುವಳು. ಅದು ಚಿತ್ರದಲ್ಲಿದ್ದುದಲ್ಲ, ಆಕಸ್ಮಿಕವಾಗಿ ಬಿದ್ದುದು. ಆದರೆ ಭಯವೆಂಬುದೇ ರೂಪು ತಾಳಿ ಬಂದಂತೆ ಆಕೆಗೆ ಕ್ಷಣಕಾಲ ತೋರಿತು. ಚಿತ್ರಕಾರರು ಬುದ್ಧಿಪೂರ್ವಕವಾಗಿ ಬರೆದ ನೆರಳುಗಳೆಲ್ಲಕ್ಕಿಂತ ಯಂತ್ರದ ಒಂದು ದೋಷವು ಹೆಚ್ಚು ಹೆದರಿಸಿತೆಂಬುದು ಸಾಂದ್ರಾರನ ಪಕ್ಷಕ್ಕೆ ಒಳ್ಳೆಯ ಸಾಕ್ಷ್ಯ.

ಇದುವರೆಗಿನದು ಕಲೆಯ ಜಗಳ. 1947ನೆಯ ಇಸವಿಯಲ್ಲಿ ಅದು ಒಂದು ಜನಾಂಗದ ಮೇಲಣ ವಿಚಾರಣೆಯಾಗಿ ಮಾರ್ಪಟ್ಟಿತು. ಸೀಗ್‌ಫ್ರೀಡ್ ಕ್ರಾಕೌವರ್ ಎಂಬ ವಿದ್ವಾಂಸನು ಹಿಟ್ಲರನು ಅಧಿಕಾರಕ್ಕೆ ಬಂದ 1933ನೆಯ ಇಸವಿಯಲ್ಲಿ ಜರ್ಮನಿಯನ್ನು ಬಿಟ್ಟು, ಪ್ಯಾರಿಸಿನಲ್ಲಿದ್ದು, 1941ರಲ್ಲಿ ಅಮೆರಿಕವನ್ನು ಸೇರಿದವನು. ‘ಕಾಲಿಗಾರಿಯಿಂದ ಹಿಟ್ಲರನವರೆಗೆ’ ಎಂಬ ಅವನ ಗ್ರಂಥದ ಹೆಸರೇ ಅದರ ವಾದವನ್ನು ಹೇಳುವುದು. ದೇಶಭ್ರಷ್ಟನಾಗಿ ಅಮೆರಿಕದಲ್ಲಿದ್ದ ಯಾನೊವಿತ್ಸನು ತನ್ನ ಚಿತ್ರದ ಹುಟ್ಟನ್ನು ಕುರಿತು ಬರೆದಿಟ್ಟಿದ್ದ ಒಂದು ಹಸ್ತಪ್ರತಿ ಅವನಿಗೆ ದೊರೆಯಿತು. ಅದರ ಪ್ರಕಾರ, ಮೂಲ ಕಥೆಯಲ್ಲಿ ಹೊರಗಣ ಕಥೆಯೇ ಇರಲಿಲ್ಲ. ನಿರಪರಾಧಿಗಳನ್ನು ನಿದ್ದೆಯಲ್ಲಿಯೇ ಕೊಲೆಗೆ ಕಳುಹಿಸುವ ಪ್ರಭುತ್ವದ ಮೇಲೆ ಲೇಖಕರು ಹೂಡಿದ ಆರೋಪವೇ ಅದಾಗಿತ್ತು. ಲೇಖಕರ ಪ್ರತಿಭಟನೆಯನ್ನು ಲೆಕ್ಕಿಸದೆ ಬೇರೆಯವರು ಹುಚ್ಚಾಸ್ಪತ್ರೆಯ ಚೌಕಟ್ಟನ್ನು ಸೇರಿಸಿ ಕಥೆಯ ಹಲ್ಲು ಕಿತ್ತರು. ಆರೋಪಿಸಿದವನನ್ನೇ ಹುಚ್ಚನೆಂದು ತೋರಿಸಿ ಅಧಿಕಾರವನ್ನು ದೇವರಂತೆ ಮಾಡಿದ ಈ ಬದಲಾವಣೆಯಲ್ಲಿ, ಜರ್ಮನರ ಮನಸ್ಸು ಮುಂದೆ ಯಾವ ದಾರಿ ಹಿಡಿಯಲಿತ್ತೆಂಬುದನ್ನು ಕ್ರಾಕೌವರನು ಓದಿದನು.

ಈ ವಾದದ ಸೆಳೆತ ಸಾಮಾನ್ಯವಾದುದಲ್ಲ. ತಮ್ಮವರನ್ನೂ ನಾಡನ್ನೂ ಕಳೆದುಕೊಂಡವರ ಪ್ರಶ್ನೆಗೆ ಅದು ಉತ್ತರ ಕೊಡುತ್ತಿತ್ತು. ನಟರ ಬಾಳು ಕೂಡ ಅದಕ್ಕೆ ಪುಷ್ಟಿ ಕೊಡುವಂತಿತ್ತು. ಚೆಸಾರೆಯಾಗಿದ್ದ ಫೈಟನು 1933ರಲ್ಲಿ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಹೋದನು. ಕಾಲಿಗಾರಿಯಾಗಿದ್ದ ಕ್ರೌಸನು ಅಲ್ಲಿಯೇ ಉಳಿದು 1940ರಲ್ಲಿ ಯೆಹೂದ್ಯದ್ವೇಷವನ್ನು ಹರಡುವ ‘ಯೂದ್ ಜ್ಯೂಸ್’ ಎಂಬ ಚಿತ್ರದಲ್ಲಿ ಹಲವು ಪಾತ್ರಗಳನ್ನು ವಹಿಸಿದನು. ಇಷ್ಟರಿಂದ ಸಿದ್ಧಾಂತ ಸಿದ್ಧವಾಗುವುದಿಲ್ಲವಾದರೂ, ಕೇಳಿದವರ ಮನಸ್ಸು ಅತ್ತ ವಾಲದೆ ಇರದು. ದಶಕಗಳ ಕಾಲ ಕ್ರಾಕೌವರನ ಮಾತು ಇತಿಹಾಸವೆಂದೇ ನಡೆಯಿತು.

ಆದರೆ ಆ ಇತಿಹಾಸದ ಆಧಾರವು ಒಬ್ಬನ ನೆನಪು. ಅದೂ ಎರಡು ದಶಕಗಳ ಅನಂತರದ ನೆನಪು. ಮೈಯರನು 1944ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಿದ್ದನು. ವೀನೆ 1938ರಲ್ಲಿಯೇ ಪ್ಯಾರಿಸಿನಲ್ಲಿ ತೀರಿದ್ದನು. ಚಿತ್ರವನ್ನು ಮೊದಲು ನಿರ್ದೇಶಿಸಬೇಕಾಗಿದ್ದ ಫ್ರಿಟ್ಸ್ ಲಾಂಗನು ಹೊರಗಣ ಕಥೆಯ ಸೂಚನೆ ತನ್ನದೆಂದು ಹೇಳಿಕೊಂಡನು. ಅವನು ಕೊಟ್ಟ ಕಾರಣವಾದರೋ ರಾಜಕೀಯವಲ್ಲ, ವಿಕಾರವಾದ ರಂಗಸಜ್ಜೆಯನ್ನು ಜನ ಒಪ್ಪಬೇಕಾದರೆ ಒಂದು ನೆಪ ಬೇಕೆಂಬುದು. ನೆನಪಿಗೆ ಎದುರಾಗಿ ಇನ್ನೊಂದು ನೆನಪು. ಮೂಲ ಚಿತ್ರಕಥೆಯ ಪ್ರತಿಯೊಂದು ಕ್ರೌಸನ ಬಳಿಯಲ್ಲಿದೆಯೆಂಬುದು 1950ರ ಸುಮಾರಿಗೆ ತಿಳಿದುಬಂದಿತು. ಬದುಕಿರುವವರೆಗೆ ಅವನು ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವನು 1959ರಲ್ಲಿ ತೀರಿಕೊಂಡನು. ಬರ್ಲಿನ್ನಿನ ಜರ್ಮನ್ ಕಿನೆಮಾಟೆಕ್ ಎಂಬ ಸಂಗ್ರಹಾಲಯವು 1978ರಲ್ಲಿ ಆ ಪ್ರತಿಯನ್ನು ಕೊಂಡಿತು. ಪೂರ್ಣವಾಗಿ ಅಚ್ಚಾದುದು 1995ರಲ್ಲಿ.

ಅದನ್ನು ತೆರೆದಾಗ ಹೊರಗಣ ಕಥೆ ಅಲ್ಲಿಯೇ ಇದ್ದಿತು! ಆದರೆ ಬೇರೆಯದು. ದೊಡ್ಡದೊಂದು ಮನೆಯ ಜಗಲಿಯ ಮೇಲೆ, ಸಂಜೆಯ ಹೊತ್ತು, ಫ್ರಾನ್ಸಿಸನೂ ಜೇನಳೂ ಸುಖಿಗಳಾದ ದಂಪತಿಗಳಾಗಿ ಅತಿಥಿಗಳೊಡನೆ ಕುಳಿತಿರುವರು. ಅಲೆಮಾರಿಗಳ ಬಂಡಿಗಳು ಹಾದುಹೋಗಲು, ಇಪ್ಪತ್ತು ವರ್ಷಗಳ ಹಿಂದಿನ ಜಾತ್ರೆ ನೆನಪಿಗೆ ಬರುವುದು, ಫ್ರಾನ್ಸಿಸನು ಹೇಳತೊಡಗುವನು. ಕೊನೆಯಲ್ಲಿ, ಕಾಲಿಗಾರಿಯ ಗುಡಾರವಿದ್ದ ಸ್ಥಳದಲ್ಲಿ ನಿಲ್ಲಿಸಿದ ಫಲಕವೊಂದು ಅವನಿಂದ ಹತರಾದವರಿಗೂ ಅವನಿಗೂ ಶಾಂತಿಯನ್ನು ಕೋರುವುದು. ಪ್ರಭುತ್ವವನ್ನು ಉರುಳಿಸಹೊರಟವರು ಅದರ ಸಮಾಧಿಯ ಮೇಲೆ ಹೂವಿಡುವುದುಂಟೆ? ಡೇವಿಡ್ ರಾಬಿನ್ಸನ್ ಮೊದಲಾದ ಇತಿಹಾಸಕಾರರು ಇದನ್ನು ಹಿಡಿದು, ಯಾನೊವಿತ್ಸನ ನೆನಪಿಗೆ ಹಿಟ್ಲರನ ಕಾಲದ ಬಣ್ಣ ಹತ್ತಿತ್ತೆಂದು ವಾದಿಸಿದರು. ಅವನು ಸುಳ್ಳಾಡಿದನೆನ್ನಬೇಕಾಗಿಲ್ಲ. ಊರು ಬಿಟ್ಟು ಓಡಿದವನಿಗೆ ತನ್ನ ಹಳೆಯ ಬರಹದಲ್ಲಿ ಮುನ್ಸೂಚನೆ ಕಾಣುವುದು ಸಹಜ. ಅದಲ್ಲದೆ, ಲೇಖಕರು ಬರೆದ ಚೌಕಟ್ಟಿಗೂ ಪರದೆಯ ಮೇಲೆ ಬಂದುದಕ್ಕೂ ಇರುವ ಅಂತರವೇನೂ ಚಿಕ್ಕದಲ್ಲ: ಅಲ್ಲಿ ಹೇಳುವವನು ಗೃಹಸ್ಥ, ಇಲ್ಲಿ ಹುಚ್ಚ. ಬದಲಾವಣೆಯಾದುದು ನಿಜ, ಅದರ ಉದ್ದೇಶವೇ ಸಂದಿಗ್ಧ.

ಕ್ರಾಕೌವರನಿಗೆ ಎದುರಾಗಿ ಚಿತ್ರದೊಳಗೇ ಇರುವ ಸಾಕ್ಷ್ಯವೊಂದುಂಟು. ಫ್ರಾನ್ಸಿಸನ ಹುಚ್ಚಿನಿಂದಲೇ ಜಗತ್ತು ಸೊಟ್ಟಗೆ ಕಾಣುವುದಾದರೆ, ಅವನ ಕಥೆ ಮುಗಿದ ಮೇಲೆ ಅದು ನೆಟ್ಟಗಾಗಬೇಕಷ್ಟೆ. ಆಗುವುದಿಲ್ಲ. ಅವನು ಹೇಳಿದ ಕಥೆಯಲ್ಲಿ ಆಸ್ಪತ್ರೆಯ ಅಂಗಳದ ನೆಲದ ಮೇಲೆ ನಡುವಿನಿಂದ ಹರಡಿದ ಕಿರಣಗಳಂತಹ ಗೆರೆಗಳು ಹೇಗಿದ್ದುವೋ, ಕಥೆಯಿಂದ ಹೊರಬಂದ ಮೇಲೂ ಹಾಗೆಯೇ ಇರುವುವು. ಹಾಗಾದರೆ ಈ ಅಂಗಳವನ್ನು ನೋಡುತ್ತಿರುವ ಕಣ್ಣು ಯಾರದು? ರಂಗಸಜ್ಜೆಗೆ ಹಣ ಉಳಿಸಲು ಒಂದೇ ಅಂಗಳವನ್ನು ಎರಡು ಬಾರಿ ಉಪಯೋಗಿಸಿದರೆನ್ನುವವರೂ ಇರುವರು. ಅದು ಅಸಾಧ್ಯವೇನೂ ಅಲ್ಲ. ಆದರೆ ಕ್ರೌಸನ ಮುಖವನ್ನು ಹಣದ ಲೆಕ್ಕದಿಂದ ವಿವರಿಸಲಾಗದು. ಕನ್ನಡಕವನ್ನು ಹಾಕಿ ತೆಗೆದು, ವಾಸಿಮಾಡುವ ದಾರಿ ತಿಳಿಯಿತೆಂದು ಹೇಳಿ ಪ್ರೇಕ್ಷಕರತ್ತ ನೋಡುವ ಆ ನೋಟದಲ್ಲಿ ದಯೆಯಿದೆಯೋ ಬೆದರಿಕೆಯಿದೆಯೋ ಎಂಬುದನ್ನು ಇಬ್ಬರು ನೋಡಿದರೆ ಇಬ್ಬರು ಬೇರೆ ಬೇರೆ ಹೇಳುವರು.

2014ನೆಯ ಇಸವಿಯಲ್ಲಿ ಮುರ್ನೌ ಪ್ರತಿಷ್ಠಾನದವರು ಜೀರ್ಣೋದ್ಧಾರಮಾಡಿದ ಪ್ರತಿಯನ್ನು ಬರ್ಲಿನ್ನಿನ ಚಿತ್ರೋತ್ಸವದಲ್ಲಿ ತೋರಿಸಿದರು. ಕ್ಯಾಮರಾದಿಂದ ನೇರವಾಗಿ ಬಂದ ಮೂಲ ನೆಗೆಟಿವ್ ಜರ್ಮನಿಯ ರಾಷ್ಟ್ರೀಯ ದಫ್ತರದಲ್ಲಿ ಉಳಿದುಬಂದಿದ್ದುದರಿಂದ, ಬಟ್ಟೆಯ ಮೇಲಣ ಕುಂಚದ ಗುರುತುಗಳು ಕೂಡ ಕಾಣುವಷ್ಟು ನಿಚ್ಚಳವಾಗಿ ಚಿತ್ರ ಮೂಡಿತು. ಆ ನೆಗೆಟಿವಿನಲ್ಲಿ ಇಲ್ಲದಿದ್ದುದು ಮೊದಲನೆಯ ಅಂಕ. ತೋಟದ ಗೋಡೆ, ವೃದ್ಧ, ಬಿಳಿಯ ಉಡುಪಿನ ಜೇನ್, ಫ್ರಾನ್ಸಿಸನ ಮೊದಲ ಮಾತು ಇವೆಲ್ಲ ಇರುವ ಆ ಭಾಗವನ್ನು ಬೇರೆ ಕಡೆಗಳಲ್ಲಿ ಉಳಿದಿದ್ದ ಪ್ರತಿಗಳಿಂದ ತೆಗೆದು ತುಂಬಬೇಕಾಯಿತು.