ಯಂತ್ರದ ಸ್ಥಾನದಲ್ಲಿ ಮನುಷ್ಯ

ಆಯುಧಕ್ಕೆ ಇಟ್ಟ ಹೆಸರು ಎಷ್ಟೇ ಸುಂದರವಾಗಿದ್ದರೂ ಅದರ ಕಾರ್ಯ ಸುಂದರವಾಗದು. ದ್ವಿತೀಯ ಮಹಾಯುದ್ಧದ ಅಂತ್ಯಕಾಲದಲ್ಲಿ ಜಪಾನ್ ನಿರ್ಮಿಸಿದ ರಾಕೆಟ್ ವಿಮಾನಗಳಲ್ಲಿ ಒಂದರ ಹೆಸರು ‘ಷೂಸುಯಿ’, ಎಂದರೆ ಶರತ್ಕಾಲದ ಜಲ. ಮತ್ತೊಂದರ ಹೆಸರು ‘ಓಕಾ’, ಎಂದರೆ ಚೆರ್ರಿ ಹೂವು.

ಅಮೆರಿಕದ ಬಿ-29 ಬಾಂಬರುಗಳನ್ನು ತಡೆಯುವುದು ಷೂಸುಯಿಯ ಉದ್ದೇಶ. ಜರ್ಮನಿಯ ಮೆಸ್ಸರ್‌ಸ್ಮಿಟ್ 163 ಅದಕ್ಕೆ ಮಾದರಿ. ಆ ವಿಮಾನದ ವಿವರಗಳನ್ನು ಹೊತ್ತಿದ್ದ ಜಲಾಂತರ್ಗಾಮಿ ನೌಕೆ 1944ರ ಜುಲೈನಲ್ಲಿ ಸಿಂಗಾಪುರವನ್ನು ದಾಟಿದ ಬಳಿಕ ಶತ್ರುಗಳಿಂದ ಮುಳುಗಡೆಯಾಯಿತು. ಸಿಂಗಾಪುರದಲ್ಲೇ ಇಳಿದು ವಿಮಾನದಲ್ಲಿ ತಾಯ್ನಾಡಿಗೆ ತೆರಳಿದ ಅಧಿಕಾರಿಯೊಬ್ಬರ ಬಳಿಯಿದ್ದ ಕೆಲವೇ ದಾಖಲೆಗಳಿಂದ ಎಂಜಿನಿಯರುಗಳು ಕೆಲಸ ನಡೆಸಬೇಕಾಯಿತು. 1945ರ ಜುಲೈ 7ರಂದು ಟೊಯೊಹಿಕೊ ಇನುಜುಕಾ ಅದನ್ನು ಮೊದಲ ಬಾರಿಗೆ ರಾಕೆಟ್ ಬಲದಿಂದ ಹಾರಿಸಿದರು. ಕಡಿದಾಗಿ ಮೇಲೇರುತ್ತಿದ್ದಾಗಲೇ ಎಂಜಿನ್ ನಿಂತುಹೋಯಿತು, ವಿಮಾನ ಉರುಳಿತು, ಮರುದಿನ ಅವರು ತೀರಿಕೊಂಡರು.

ಚಾಲಕನಿಲ್ಲದ ಅಸ್ತ್ರಗಳ ಪ್ರಯತ್ನವೂ ನಡೆದಿತ್ತು. ಭೂಸೇನೆಯ ‘ಇ-ಗೋ’ ಕ್ಷಿಪಣಿಯನ್ನು ವಿಮಾನದಿಂದ ಬಿಟ್ಟು ರೇಡಿಯೋ ಸಂಕೇತದಿಂದ ಗುರಿಯತ್ತ ನಡೆಸಬೇಕಿತ್ತು. ಪರೀಕ್ಷೆಯೊಂದರಲ್ಲಿ ಅದು ದಾರಿ ತಪ್ಪಿ ಅಟಾಮಿ ಪಟ್ಟಣದ ವಸತಿಗೃಹವೊಂದಕ್ಕೆ ಬಡಿಯಿತು. ಶಾಖವನ್ನು ಅರಸಿ ಸಾಗುವ ‘ಕೆ-ಗೋ’ ಬಾಂಬು ಪ್ರಯೋಗದ ಹಂತವನ್ನೇ ದಾಟಲಿಲ್ಲ.

ಯಂತ್ರಕ್ಕೆ ಗುರಿ ಕಾಣುವ ಶಕ್ತಿ ಕೈಗೂಡುವ ಮೊದಲೇ ನೌಕಾಪಡೆಯು ಆ ಸ್ಥಾನದಲ್ಲಿ ಮನುಷ್ಯನನ್ನು ಕೂರಿಸಿತು. ಅದೇ ಓಕಾ. ಅದರ ಮೂತಿಯಲ್ಲಿ 1200 ಕಿಲೋಗ್ರಾಂ ತೂಕದ ಸಿಡಿತಲೆ, ಬಾಲದಲ್ಲಿ ಮೂರು ರಾಕೆಟ್ಟುಗಳು, ನಡುವೆ ಮರಳಿ ಬಾರದ ಒಬ್ಬ ತರುಣ. 1945ರ ಮಾರ್ಚ್ 21ರಂದು ಇವುಗಳನ್ನು ಹೊತ್ತು ಹೊರಟ ತಂಡದ 18 ಬಾಂಬರುಗಳಲ್ಲಿ ಒಂದೂ ಹಿಂದಿರುಗಲಿಲ್ಲ. ಯಾವ ಓಕಾವೂ ಗುರಿ ಮುಟ್ಟಲಿಲ್ಲ. ಏಪ್ರಿಲ್ 12ರಂದು ಅಮೆರಿಕದ ‘ಮ್ಯಾನರ್ಟ್ ಎಲ್. ಏಬಲ್’ ನೌಕೆ ಓಕಾದ ಹೊಡೆತಕ್ಕೆ ಸಿಲುಕಿ ಮುಳುಗಿತು. ಅದರಲ್ಲಿದ್ದ ಅನೇಕ ನಾವಿಕರು ಮಡಿದರು. ಅಮೆರಿಕನ್ನರು ಈ ಅಸ್ತ್ರವನ್ನು ‘ಬಾಕಾ’ ಎಂದು ಕರೆದರು. ಜಪಾನೀ ಭಾಷೆಯಲ್ಲಿ ಅದರ ಅರ್ಥ ಮೂರ್ಖ. ಆದರೆ ಮೌಢ್ಯವನ್ನು ಯಾರ ಮೇಲೆ ಹೊರಿಸಬೇಕು? ಒಳಗೆ ಕುಳಿತ ತರುಣನ ಮೇಲೋ, ಅವನನ್ನು ಯಂತ್ರದ ಒಂದು ಬಿಡಿಭಾಗವೆಂದು ಎಣಿಸಿದವರ ಮೇಲೋ? ಪರಹಿಂಸೆಗೆ ಹೊರಟವರು ಮೊದಲು ತಮ್ಮವರನ್ನೇ ಆಹುತಿ ಕೊಟ್ಟರೆಂಬುದನ್ನು ನಾವು ಮರೆಯಲಾಗದು.

ಓಕಾವನ್ನು ವಿನ್ಯಾಸಗೊಳಿಸಿದವರಲ್ಲಿ ಪ್ರಮುಖರು ತದನಾವೊ ಮಿಕಿ. ಯುದ್ಧಾನಂತರ ಅವರು ಶಸ್ತ್ರನಿರ್ಮಾಣದತ್ತ ತಿರುಗದೆ ರೈಲ್ವೆ ಸಂಶೋಧನೆಯನ್ನು ಸೇರಿದರು. 1964ರಲ್ಲಿ ಓಡತೊಡಗಿದ ಷಿಂಕಾನ್ಸೆನ್ ರೈಲಿನ ನೀಳವಾದ ಮುಖಕ್ಕೆ ಅವರ ವಾಯುಶಾಸ್ತ್ರಜ್ಞಾನವು ನೆರವಾಯಿತು. ಗಾಳಿಯನ್ನು ಸೀಳುವ ವಿದ್ಯೆ ಎರಡೂ ಕಡೆ ಒಂದೇ. ಒಂದರಲ್ಲಿ ಕುಳಿತವನು ಸಾವಿಗೆ ಹೊರಟ. ಇನ್ನೊಂದರಲ್ಲಿ ಕುಳಿತವನು ಮನೆಗೆ ಹೊರಟ. ವಿದ್ಯೆಗೆ ತಾನಾಗಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದಕ್ಕೆ ದಾರಿ ತೋರುವ ವಿವೇಕವು ಮನುಷ್ಯನಲ್ಲೇ ಇರಬೇಕು.