ಒಡೆಯಲೆಂದೇ ಕಟ್ಟಿದ ರಸ್ತೆ

ಐಸ್‌ಲ್ಯಾಂಡಿನ ಸುತ್ತುರಸ್ತೆ ಎಂದರೆ ಈಗ ಪ್ರವಾಸ ಕಂಪನಿಗಳು ಮಾರುವ ಏಳು ದಿನದ ಪ್ಯಾಕೇಜು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಹೊರಟರೆ ಮೊದಲು ದಕ್ಷಿಣದ ಕಪ್ಪು ಮರಳಿನ ತೀರ, ಆಮೇಲೆ ವಾತ್ನಯೋಕುಲ್ ಹಿಮನದಿಯ ಬುಡ, ಪೂರ್ವದಲ್ಲಿ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು, ಉತ್ತರದಲ್ಲಿ ಕುದಿಯುವ ಕೆಸರಿನ ಹೊಂಡಗಳು, ಕೊನೆಗೆ ಮತ್ತೆ ರೇಕ್ಯಾವಿಕ್. ಒಟ್ಟು ದೂರ ಸುಮಾರು 1,300 ಕಿಲೋಮೀಟರ್. ಈ ರಸ್ತೆಯ ಚರಿತ್ರೆಯನ್ನು ಪ್ರವಾಸಿ ಕೈಪಿಡಿಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ: 1974ರಲ್ಲಿ ಸುತ್ತು ಪೂರ್ತಿಯಾಯಿತು. ಆ ಸಾಲು ಸುಳ್ಳಲ್ಲ. ಆದರೆ ಅಷ್ಟನ್ನೇ ಓದಿದವರಿಗೆ ಇದು ಮನುಷ್ಯ ಹಿಮನದಿಯನ್ನು ಗೆದ್ದ ಕತೆಯಂತೆ ಕಾಣುತ್ತದೆ, ತೊಂದರೆ ಇರುವುದು ಅಲ್ಲಿ. ದಾಖಲೆಗಳನ್ನು ಅನುಕ್ರಮವಾಗಿ ನೋಡಿದರೆ ಸಿಗುವ ಚಿತ್ರ ಬೇರೆ. ಎಲ್ಲಿ ಗೆಲ್ಲಲಾಗದು, ಎಲ್ಲಿ ಬಿಟ್ಟುಕೊಡಬೇಕು ಎಂದು ಮೊದಲೇ ಲೆಕ್ಕ ಹಾಕಿದ್ದರಿಂದಲೇ ಈ ರಸ್ತೆ ಐವತ್ತು ವರ್ಷ ಬಾಳಿದೆ. ಇದರ ಚರಿತ್ರೆಯನ್ನು ಕಟ್ಟಿದ ವರ್ಷದಿಂದ ಅಳೆಯುವುದಕ್ಕಿಂತ ಕೊಚ್ಚಿಹೋದ ವರ್ಷಗಳಿಂದ ಅಳೆಯುವುದು ಹೆಚ್ಚು ಸರಿ.

ರಸ್ತೆ ಇಲ್ಲದ ಕಾಲದಲ್ಲಿ ಐಸ್‌ಲ್ಯಾಂಡಿನ ಊರುಗಳನ್ನು ಕೂಡಿಸುತ್ತಿದ್ದುದು ಕಡಲು. ಕೊಲ್ಲಿಗಳಲ್ಲಿ ಬಂದರುಗಳಿದ್ದವು, ತೀರದುದ್ದಕ್ಕೂ ಹಡಗುಗಳು ಓಡಾಡುತ್ತಿದ್ದವು, ಒಳನಾಡಿಗೆ ಕುದುರೆ ಸಾಕಾಗಿತ್ತು. ಈ ಏರ್ಪಾಡಿನಿಂದ ಹೊರಗೇ ಉಳಿದಿದ್ದು ಆಗ್ನೇಯದ ಓರೈವಿ ಸೀಮೆ. ಬೆನ್ನಿಗೆ ಯುರೋಪಿನ ಅತಿ ದೊಡ್ಡ ಹಿಮರಾಶಿಗಳಲ್ಲೊಂದು, ಎದುರಿಗೆ ಹಡಗು ನಿಲ್ಲಲಾಗದ ಮರಳಿನ ತೀರ, ಎಡಬಲಗಳಲ್ಲಿ ಹಿಮನದಿಯಿಂದ ಇಳಿದು ದಿನಕ್ಕೊಂದು ದಾರಿ ಹಿಡಿಯುವ ಕೆಸರು ಹೊಳೆಗಳು. 1362ರಲ್ಲಿ ಓರೈವಿಯ ನೆತ್ತಿಯ ಮೇಲಿನ ಜ್ವಾಲಾಮುಖಿ ಸಿಡಿದು ಇಡೀ ಸೀಮೆ ಹಾಳುಬಿದ್ದಿತ್ತು, ಆಮೇಲೆ ಬಂದು ನೆಲೆಸಿದ್ದು ಕೆಲವೇ ಮನೆಗಳು. ಅವರಿಗೆ ಹೊರಲೋಕ ಎಂದರೆ ಕುದುರೆ. ಹೊಳೆ ದಾಟಲೆಂದೇ ಪಳಗಿಸಿದ ಕುದುರೆಗಳಿದ್ದವು, ನೀರಿನ ಬಣ್ಣ ಮತ್ತು ಸುಳಿ ನೋಡಿ ತಳದ ಆಳ ಹೇಳಬಲ್ಲ ದಾರಿಗಾರರಿದ್ದರು. ನಮ್ಮ ಕರಾವಳಿಯಲ್ಲಿ ಸೇತುವೆಗಳು ಬರುವ ಮೊದಲು ಕಡವಿನ ದೋಣಿಗಾಗಿ ಕಾದವರಿಗೆ ಇದು ಅರ್ಥವಾದೀತು, ಅಲ್ಲಿ ದೋಣಿಯೂ ನಿಲ್ಲುತ್ತಿರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ. ಹೊಳೆ ತೀರಾ ಉಕ್ಕಿದಾಗ ಹಿಮನದಿಯ ಮೇಲೇ ಹತ್ತಿ ಬಳಸಿಕೊಂಡು ಹೋಗುವುದು ವಾಡಿಕೆ. 1927ರಲ್ಲಿ ಬ್ರೇದಾಮೆರ್ಕುರ್ ಹಿಮನದಿಯ ಮೇಲೆ ಅಂಚೆಯ ತಂಡವೊಂದು ಹಾಗೆ ಹೋಗುತ್ತಿದ್ದಾಗ ಮಂಜು ಒಡೆದು ಒಬ್ಬ ಮನುಷ್ಯ ಕುದುರೆಗಳ ಸಮೇತ ಒಳಗೆ ಬಿದ್ದು ಸತ್ತ.

ಸೇತುವೆಗಳು ಸುಲಭದ ಕಡೆಯಿಂದಲೇ ಶುರುವಾದವು. 1891ರಲ್ಲಿ ಓಲ್ವುಸಾ ನದಿಗೆ ತೂಗುಸೇತುವೆ ಬಂತು, ಅದರ ಬುಡದಲ್ಲೇ ಈಗಿನ ಸೆಲ್‌ಫೊಸ್ ಪೇಟೆ ಬೆಳೆಯಿತು. 1967ರಲ್ಲಿ ಯೋಕುಲ್ಸಾರ್ಲೋನ್ ಸರೋವರದ ಬಾಯಿಗೆ ಸೇತುವೆ ಬಿತ್ತು. ಆಗ ಉಳಿದದ್ದು ಒಂದೇ ಒಂದು ತುಂಡು: ಸ್ಕೇದಾರಾ ಬಯಲು. ಮೂವತ್ತು ಕಿಲೋಮೀಟರಿಗೂ ಅಗಲವಾದ ಈ ಕಪ್ಪು ಮರಳುಗಾಡಿಗಾಗಿ ಇಡೀ ದೇಶದ ಸುತ್ತು ಅರ್ಧಕ್ಕೇ ನಿಂತಿತ್ತು. ಪೂರ್ವದ ಹೋಪ್ನ್ ಬಂದರಿನವರು ಕಾರಿನಲ್ಲಿ ರೇಕ್ಯಾವಿಕ್‌ಗೆ ಹೋಗಬೇಕೆಂದರೆ ಉತ್ತರವನ್ನೆಲ್ಲ ಬಳಸಿ ಸುಮಾರು ಸಾವಿರ ಕಿಲೋಮೀಟರ್ ಓಡಿಸಬೇಕಿತ್ತು. ದಕ್ಷಿಣದ ದಾರಿಯಲ್ಲಿ ಅದೇ ಊರು ಈಗ 460 ಕಿಲೋಮೀಟರಿನೊಳಗಿದೆ.

ಆ ಬಯಲನ್ನು ಅಷ್ಟು ಕಾಲ ಯಾರೂ ಮುಟ್ಟದೆ ಬಿಟ್ಟಿದ್ದಕ್ಕೆ ಕಾರಣ ಹಿಮದ ಕೆಳಗಿದೆ. ವಾತ್ನಯೋಕುಲ್‌ನ ಹೊಟ್ಟೆಯಲ್ಲಿ ಗ್ರೀಮ್ಸ್‌ವೋತ್ನ್ ಎಂಬ ಜ್ವಾಲಾಮುಖಿ ಇದೆ. ಅದರ ಬಿಸಿಗೆ ಮಂಜು ತಳದಿಂದ ಕರಗಿ, ಮೇಲಿನ ಹಿಮದ ಭಾರದಡಿ ಸರೋವರವಾಗಿ ತುಂಬಿಕೊಳ್ಳುತ್ತದೆ. ನೀರಿನ ಒತ್ತಡ ಒಂದು ಮಟ್ಟ ಮೀರಿದಾಗ ಅಡ್ಡಗಟ್ಟಿದ ಹಿಮವನ್ನೇ ಎತ್ತಿ, ಹಿಮನದಿಯ ಅಡಿಯಲ್ಲಿ ಐವತ್ತು ಕಿಲೋಮೀಟರಿನಷ್ಟು ದೂರ ಹರಿದು ಬಯಲಿಗೆ ನುಗ್ಗುತ್ತದೆ. ಬರುವ ಮುನ್ನ ಹೊಳೆಯಿಂದ ಗಂಧಕದ ವಾಸನೆ ಏಳುತ್ತದೆ. ಓರೈವಿಯ ರೈತರಿಗೆ ಅದೇ ಮುನ್ಸೂಚನೆ. 1934 ಮತ್ತು 1938ರ ಪ್ರವಾಹಗಳು ಬಯಲನ್ನೆಲ್ಲ ಮುಳುಗಿಸಿದ್ದವು. ಆಮೇಲೆ ಹಿಮ ತೆಳುವಾಗುತ್ತ ಬಂದಂತೆ ಪ್ರವಾಹಗಳು ಸಣ್ಣವಾಗಿ, ಪದೇ ಪದೇ ಬರತೊಡಗಿದವು. ಎಂಜಿನಿಯರುಗಳಿಗೆ ಧೈರ್ಯ ಬಂದದ್ದು ಇದರಿಂದಲೇ. ಭೂವಿಜ್ಞಾನಿ ಸಿಗುರ್ದುರ್ ಥೋರಾರಿನ್ಸನ್ ಈ ಪ್ರವಾಹಗಳ ಶತಮಾನಗಳ ದಾಖಲೆಯನ್ನು ಒಟ್ಟುಮಾಡಿದ್ದರು, ಎದುರಾಳಿ ಯಾರೆಂದು ಗೊತ್ತಿಲ್ಲದೆ ಯಾರೂ ಕೆಲಸಕ್ಕೆ ಇಳಿಯಲಿಲ್ಲ. ಎರಡು ಲಕ್ಷ ಚಿಲ್ಲರೆ ಜನರ ದೇಶಕ್ಕೆ ಇದು ಭಾರಿ ಖರ್ಚು. ಸರ್ಕಾರ ಲಾಟರಿ ಬಹುಮಾನ ಕಟ್ಟಿದ ಸಾಲಪತ್ರಗಳನ್ನು ಜನರಿಗೆ ಮಾರಿ ಹಣ ಎತ್ತಿತು. ದ್ವೀಪದಲ್ಲಿ ಜನ ನೆಲೆಸಿ 1,100 ವರ್ಷ ತುಂಬಿದ ಹಬ್ಬದ ವರ್ಷವಾದ 1974ರ ಜುಲೈ 14ರಂದು ಸ್ಕೇದಾರಾ ಸೇತುವೆ ಉದ್ಘಾಟನೆಯಾಯಿತು. ಸುಮಾರು 900 ಮೀಟರ್ ಉದ್ದ, ಒಂದೇ ವಾಹನದ ಅಗಲ. ದೇಶದಲ್ಲೇ ಅದು ಅತಿ ಉದ್ದದ ಸೇತುವೆಯಾಗಿತ್ತು.

ಪ್ರವಾಹಗಳು ಸಣ್ಣವೇ ಬರುತ್ತವೆ ಎಂಬ ಲೆಕ್ಕ ಮುಂದಿನ ಇಪ್ಪತ್ತೆರಡು ವರ್ಷ ಸರಿಯಾಗಿಯೇ ನಡೆಯಿತು. 1996ರ ಸೆಪ್ಟೆಂಬರ್ ಕೊನೆಗೆ ಗ್ರೀಮ್ಸ್‌ವೋತ್ನ್‌ನ ಉತ್ತರಕ್ಕೆ ಹಿಮದಡಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಐದು ವಾರ ಒಳಗೇ ಶೇಖರವಾಯಿತು. ನವೆಂಬರ್ 5ರ ಬೆಳಿಗ್ಗೆ ಅದು ಹೊರಬಿದ್ದಾಗ ಅದರ ಗರಿಷ್ಠ ಹರಿವು ಸೆಕೆಂಡಿಗೆ 45 ಸಾವಿರ ಘನಮೀಟರಿಗೂ ಮೀರಿತ್ತು, ಒಂದು ದಿನದ ಮಟ್ಟಿಗೆ ಜಗತ್ತಿನ ಮಹಾನದಿಗಳ ಸಾಲಿನಲ್ಲಿ ನಿಲ್ಲಬಲ್ಲ ಹೊಳೆ. ಮನೆಯಷ್ಟು ದೊಡ್ಡ ಮಂಜಿನ ಬಂಡೆಗಳು ತೇಲಿಬಂದು ಕಂಬಗಳಿಗೆ ಬಡಿದವು. ಅದೇ ಬಯಲಿನ ಗೀಗ್ಯುಕ್ವೀಸ್ಲ್ ಹೊಳೆಯ ಸೇತುವೆ ಪೂರ್ತಿ ಕೊಚ್ಚಿಹೋಯಿತು. ಸ್ಕೇದಾರಾ ಸೇತುವೆ 176 ಮೀಟರ್ ಕಳೆದುಕೊಂಡಿತು, ಹತ್ತು ಕಿಲೋಮೀಟರಿನಷ್ಟು ರಸ್ತೆ ಮಾಯವಾಯಿತು. ಆದರೆ ಒಬ್ಬರೂ ಸಾಯಲಿಲ್ಲ. ಐದು ವಾರದ ಮೊದಲೇ ಎಲ್ಲರಿಗೂ ಗೊತ್ತಿತ್ತು, ಬಯಲಿನಲ್ಲಿ ಮನೆಗಳಿರಲಿಲ್ಲ, ರಸ್ತೆ ಮುಚ್ಚಲಾಗಿತ್ತು. ಸುಮಾರು ಮೂರು ವಾರದಲ್ಲಿ ತಾತ್ಕಾಲಿಕ ಸೇತುವೆಗಳ ಮೇಲೆ ಸಂಚಾರ ಮತ್ತೆ ಶುರುವಾಯಿತು. ಇಪ್ಪತ್ತೆರಡು ವರ್ಷ ಬಳಸಿದ ರಸ್ತೆಯನ್ನು ಮೂರು ವಾರ ಕಳೆದುಕೊಂಡದ್ದನ್ನು ಸೋಲು ಎನ್ನಬೇಕೋ ಲಾಭ ಎನ್ನಬೇಕೋ ನೀವೇ ಹೇಳಿ. ನೀರು ಅದೆಷ್ಟೇ ಬಂದರೂ ತಡೆಯಬಲ್ಲ ಸೇತುವೆಯನ್ನೇ ಕಟ್ಟುತ್ತೇವೆ ಎಂದು ಹಟ ಹಿಡಿದಿದ್ದರೆ 1974ರಲ್ಲಿ ಆ ದೇಶ ಅದನ್ನು ಕಟ್ಟುತ್ತಲೇ ಇರಲಿಲ್ಲ.

ಇದನ್ನು ಜಾಣತನ ಎಂದು ಹೊಗಳುವುದು ಅತಿಯಾಯಿತು, ಬಡ ದೇಶ ಅಗ್ಗದಲ್ಲಿ ಕಟ್ಟಿತು, ಅಗ್ಗದ್ದು ಒಡೆಯಿತು ಎಂದು ಯಾರಾದರೂ ಆಕ್ಷೇಪಿಸಬಹುದು. ಆರಂಭದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಕೈಯಲ್ಲಿ ಕಾಸು ಓಡಾಡಿದ ಮೇಲೂ ಕ್ರಮ ಬದಲಾಗಲಿಲ್ಲ. 2010ರ ಏಪ್ರಿಲ್ 14ರಂದು ಎಯ್ಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿ ಸಿಡಿದಾಗ ಕರಗಿದ ನೀರು ಮಾರ್ಕಾರ್‌ಫ್ಲ್ಯೋತ್ ನದಿಯತ್ತ ಬಂತು. ಯುರೋಪಿನ ಬಹುಪಾಲು ವಿಮಾನಗಳು ಬೂದಿಗೆ ನಿಂತುಹೋದ ಸುದ್ದಿ ನಮಗೆ ಗೊತ್ತು. ಸಿಡಿದ ದಿನವೇ ನೆಲದ ಮೇಲೆ ನಡೆದದ್ದು ಅಷ್ಟು ಗೊತ್ತಿಲ್ಲ. ರಸ್ತೆ ಇಲಾಖೆಯವರು ಅಗೆಯುವ ಯಂತ್ರ ತಂದು ತಮ್ಮದೇ ಹೆದ್ದಾರಿಯ ಏರಿಯನ್ನು ಸೇತುವೆಯ ಪಕ್ಕದಲ್ಲಿ ಕಡಿದುಹಾಕಿದರು. ಕೊಯ್ದ ಬಾಯಿಗಳಲ್ಲಿ ನೀರು ನುಗ್ಗಿ ರಸ್ತೆಯನ್ನು ಕೊಚ್ಚಿಕೊಂಡು ಹೋಯಿತು, ಸೇತುವೆ ಉಳಿಯಿತು. ಮಣ್ಣಿನ ಏರಿಯನ್ನು ಕೆಲವೇ ದಿನಗಳಲ್ಲಿ ಮತ್ತೆ ತುಂಬಬಹುದು, ಸೇತುವೆಗೆ ವರ್ಷ ಬೇಕು. ಇಷ್ಟು ಸರಳ ಲೆಕ್ಕವನ್ನು ನೀರು ಏರುತ್ತಿರುವಾಗ ಜಾರಿಗೆ ತರಬಲ್ಲ ಇಲಾಖೆ ಎಲ್ಲ ದೇಶಗಳಲ್ಲೂ ಇಲ್ಲ. ಮರುವರ್ಷ ಜುಲೈಯಲ್ಲಿ ಮೂಲಾಕ್ವೀಸ್ಲ್ ಹೊಳೆ ಉಕ್ಕಿ ಇನ್ನೊಂದು ಸೇತುವೆಯನ್ನು ಒಯ್ದಿತು. ಪ್ರವಾಸಿಗಳ ಹಂಗಾಮು ಬೇರೆ. ಎತ್ತರದ ಲಾರಿಗಳ ಮೇಲೆ ಕಾರುಗಳನ್ನೇರಿಸಿ ಹೊಳೆ ದಾಟಿಸಿದರು. ಒಂದು ವಾರದಲ್ಲಿ ತಾತ್ಕಾಲಿಕ ಸೇತುವೆ ನಿಂತಿತು. ಹೊಳೆ ದಾಟಿಸುವ ಹಳೆಯ ಕುದುರೆಯ ಕಸುಬು ಆ ವಾರದ ಮಟ್ಟಿಗೆ ಲಾರಿಗೆ ಬಂದಿತ್ತು.

ಇದಕ್ಕಿಂತ ಭಾರವಾದ ಆಕ್ಷೇಪ ಒಂದಿದೆ. ಒಡೆದರೂ ಪರವಾಗಿಲ್ಲ ಎಂಬ ಲೆಕ್ಕದಲ್ಲಿ ಕಟ್ಟಿದ ಇಕ್ಕಟ್ಟಿನ ಸೇತುವೆಗಳ ಮೇಲೆ ಈಗ ಓಡುತ್ತಿರುವವರು ಬೇರೆ ಜನ. 2010ರಲ್ಲಿ ಐಸ್‌ಲ್ಯಾಂಡಿಗೆ ಬಂದ ವಿದೇಶಿಗರು ಐದು ಲಕ್ಷದಷ್ಟು, 2018ರಲ್ಲಿ ಇಪ್ಪತ್ತಮೂರು ಲಕ್ಷ. ಆ ವರ್ಷದ ಡಿಸೆಂಬರ್‌ನಲ್ಲಿ ನೂಪ್ಸ್‌ವೋತ್ನ್ ಹೊಳೆಯ ಒಂದೇ ಪಥದ ಹಳೆಯ ಸೇತುವೆಯಿಂದ ಕಾರೊಂದು ಕೆಳಗೆ ಉರುಳಿ ಭಾರತೀಯ ಮೂಲದ ಬ್ರಿಟಿಷ್ ಕುಟುಂಬದ ಮೂವರು ಸತ್ತರು. ಪ್ರವಾಹ ಬಂದಾಗ ರಸ್ತೆಯನ್ನು ಮುಚ್ಚಿ ಜನರನ್ನು ಉಳಿಸಬಹುದು. ಸಾಮಾನ್ಯ ದಿನದ ಅಪಘಾತಕ್ಕೆ ಅಂಥ ಉಪಾಯವಿಲ್ಲ. ಇಲ್ಲಿ ನನ್ನ ವಾದಕ್ಕೆ ಒಂದು ಗೆರೆ ಎಳೆಯಬೇಕು: ಬಿಟ್ಟುಕೊಡುವುದು ನದಿಗೆ ಸಂಬಂಧಿಸಿದ ನೀತಿ, ಅದನ್ನು ಚಾಲಕರ ಸುರಕ್ಷತೆಗೆ ಅನ್ವಯಿಸುವಂತಿಲ್ಲ. ಅಲ್ಲಿನವರಿಗೂ ಅದು ಮನವರಿಕೆಯಾಗಿದೆ. ನೂಪ್ಸ್‌ವೋತ್ನ್‌ಗೆ ಈಗ ಎರಡು ಪಥದ ಹೊಸ ಸೇತುವೆ ಬಂದಿದೆ. ಅದು ಹಳೆಯದಕ್ಕಿಂತ ಬಹಳ ಗಿಡ್ಡ, ಏಕೆಂದರೆ ನೀರೇ ಕಡಿಮೆಯಾಗಿದೆ.

ನೀರು ಕಡಿಮೆಯಾದದ್ದೇ ಮೂರನೆಯ ಪ್ರಶ್ನೆ ಎತ್ತುತ್ತದೆ. ಹಿಮನದಿಗಳೇ ಹಿಂದೆ ಸರಿಯುತ್ತಿರುವಾಗ ಈ ಚರಿತ್ರೆಗೆ ಮುಂದೇನು ಬೆಲೆ? 2009ರಲ್ಲಿ ಹಿಮದ ಅಂಚು ಹಿಂದೆ ಸರಿದ ಕಾರಣ ಸ್ಕೇದಾರಾ ನದಿ ತನ್ನ ಪಾತ್ರ ಬಿಟ್ಟು ಪಶ್ಚಿಮದ ಗೀಗ್ಯುಕ್ವೀಸ್ಲ್‌ಗೆ ಹೋಗಿ ಸೇರಿತು. ಹಬ್ಬ ಮಾಡಿ ಉದ್ಘಾಟಿಸಿದ ಸೇತುವೆ ಬಹುಪಾಲು ಒಣ ಮರಳಿನ ಮೇಲೆ ನಿಂತುಬಿಟ್ಟಿತು. 2017ರಲ್ಲಿ ಉಳಿದ ಸಣ್ಣ ಹೊಳೆಗೆ ಚಿಕ್ಕ ಸೇತುವೆ ಕಟ್ಟಿ, ದೊಡ್ಡದನ್ನು ಸಂಚಾರದಿಂದ ಕೈಬಿಟ್ಟರು. ಅಪಾಯ ಮುಗಿಯಿತು ಎಂದೇನೂ ಇದರ ಅರ್ಥವಲ್ಲ, ಅಪಾಯ ಜಾಗ ಬದಲಿಸಿದೆ. ಯೋಕುಲ್ಸಾರ್ಲೋನ್‌ನಲ್ಲಿ ಅದನ್ನು ಕಣ್ಣಾರೆ ಕಾಣಬಹುದು. ನೀಲಿ ಮಂಜುಗಡ್ಡೆಗಳು ತೇಲುವ ಆ ಸರೋವರ ಅನಾದಿಯಿಂದ ಇದ್ದದ್ದೆಂದು ಫೋಟೋ ತೆಗೆಯುವವರು ತಿಳಿಯುತ್ತಾರೆ. 1930ರ ದಶಕದವರೆಗೆ ಅಲ್ಲಿ ಸರೋವರವೇ ಇರಲಿಲ್ಲ, ಹಿಮನದಿ ಕಡಲ ಹತ್ತಿರದವರೆಗೂ ಚಾಚಿತ್ತು. ಐಸ್‌ಲ್ಯಾಂಡಿಗೆ ಮೊದಲ ಕಾರು ಬಂದದ್ದು 1904ರಲ್ಲಿ, ಎಂದರೆ ಆ ನೋಟ ಕಾರಿಗಿಂತ ಕಿರಿಯದು. ಹಿಮ ಸರಿದಂತೆ ಸರೋವರ ಬೆಳೆಯುತ್ತಿದೆ, ಈಚೆಯಿಂದ ಕಡಲು ದಡವನ್ನು ಕೊರೆಯುತ್ತಿದೆ, ನಡುವಿನ ಕಿರುಪಟ್ಟಿಯ ಮೇಲೆ ಹೆದ್ದಾರಿ ಇದೆ. ಸೇತುವೆಯ ಬುಡಕ್ಕೆ ಬಂಡೆ ಸುರಿದು ಕಾಯುತ್ತಿದ್ದಾರೆ. ಗ್ರೀಮ್ಸ್‌ವೋತ್ನ್ ಅಂತೂ ಆರಿಲ್ಲ.

ಆದ್ದರಿಂದ ಈ ಸುತ್ತಿಗೆ ಹೊರಡುವವರಿಗೆ ಒಂದು ಮಾತು. ಸ್ಕೇದಾರಾ ಬಯಲಿನ ಅಂಚಿನ ಸ್ಕಾಫ್ತಾಫೆಲ್ ಬಳಿ 1996ರಲ್ಲಿ ತಿರುಚಿಹೋದ ಉಕ್ಕಿನ ತೊಲೆಗಳನ್ನು ರಸ್ತೆಬದಿಯಲ್ಲೇ ಇಟ್ಟಿದ್ದಾರೆ, ಇಳಿದು ನೋಡಿ. ಪ್ರತಿ ಬೆಳಿಗ್ಗೆ ರಸ್ತೆ ಇಲಾಖೆಯ ಪ್ರಕಟಣೆ ಓದಿ ಹೊರಡಿ. ಮುಚ್ಚಿದೆ ಎಂದು ಫಲಕ ಇದ್ದರೆ ವಾದಿಸಬೇಡಿ, ಆ ಫಲಕವೇ ಅಲ್ಲಿ ಜನರನ್ನು ಉಳಿಸಿರುವುದು. ಏಳು ದಿನದ ಯೋಜನೆ ಹಾಕಿಕೊಂಡಿದ್ದರೆ ವಾಪಸು ವಿಮಾನದ ಟಿಕೆಟನ್ನು ಒಂಬತ್ತನೆಯ ದಿನಕ್ಕೆ ತೆಗೆದುಕೊಳ್ಳಿ.